ಕೋಳ ತೊಡಿಸುವ ಮುನ್ನ

ಅಲಂಕಾರಶಾಸ್ತ್ರದಲ್ಲಿ 'ಆರೋಪ'ವೆಂಬುದು ರೂಪಕದ ಜೀವ. ಮುಖದ ಮೇಲೆ ಕಮಲವನ್ನು ಆರೋಪಿಸಿದ ಮಾತ್ರಕ್ಕೆ ಮುಖವು ಕಮಲವಾಗದೆಂದು ನಾನು ತರಗತಿಯಲ್ಲಿ ಹೇಳುವುದುಂಟು. ನ್ಯಾಯಾಲಯದ ಆರೋಪವೂ ಹಾಗೆಯೇ. ತೀರ್ಪು ಬರುವವರೆಗೆ ಅದು ಒಬ್ಬನ ಮೇಲೆ ಹೊರಿಸಿದ ಮಾತು. ಆದರೆ ಕೈಕೋಳ ಕಂಡೊಡನೆ ಜನ ತೀರ್ಪು ಕೊಟ್ಟುಬಿಡುತ್ತಾರೆ. ನಮ್ಮ ಕರೋಶಿಯಂಥ ಊರಿನವನೊಬ್ಬನನ್ನು ಚಿಕ್ಕೋಡಿಯ ಕೋರ್ಟಿಗೆ ಕೋಳ ತೊಡಿಸಿ ಕರೆದೊಯ್ದರೆಂಬ ಸುದ್ದಿ, ಮುಂದೆ ಅವನು ನಿರ್ದೋಷಿಯಾಗಿ ಬಂದರೂ ಅಳಿಯುವುದಿಲ್ಲ.

ಹಾಗೆಂದು ಕಾವಲಿನ ಪೋಲೀಸನ ಕಷ್ಟವನ್ನು ಮರೆಯಲಾಗದು. ಕೋರ್ಟಿನ ಜನಜಂಗುಳಿಯಲ್ಲಿ ಕೈದಿ ಕೈತಪ್ಪಿದರೆ ಹೊಣೆ ಅವನದೇ. ಎಲ್ಲರಿಗೂ ಕೋಳ ತೊಡಿಸುವುದು ಅವನಿಗೆ ಸುಲಭದ ದಾರಿ. ಕಠಿಣವಾದುದು ಮನುಷ್ಯನನ್ನು ಅಳೆಯುವುದು: ಇವನು ಹಿಂದೆ ತಪ್ಪಿಸಿಕೊಂಡಿದ್ದನೆ? ಬಂಧನದಲ್ಲಿದ್ದಾಗ ಯಾರ ಮೇಲಾದರೂ ಕೈಮಾಡಿದ್ದನೆ? ಬಿಡಿಸಿಕೊಂಡು ಹೋಗುವ ಸಂಗಡಿಗರಿದ್ದಾರೆಯೆ? ಇಬ್ಬರು ಕಾವಲುಗಾರರನ್ನು ಹೆಚ್ಚಿಸಿದರೆ ಸಾಲದೆ?

1980ರಲ್ಲಿ ಪ್ರೇಮಶಂಕರ ಶುಕ್ಲಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ವಿವೇಕವನ್ನು ಬೇಡಿತು. ಮೇಲ್ದರ್ಜೆಯ ಕೈದಿಗೆ ವಿನಾಯಿತಿ, ಸಾಮಾನ್ಯನಿಗೆ ಕೋಳ ಎಂಬ ಭೇದವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತಳ್ಳಿಹಾಕಿದರು. ಐಶ್ವರ್ಯವೂ ಬಡತನವೂ ಅಪಾಯದ ಅಳತೆಗೋಲುಗಳಲ್ಲ. ತಪ್ಪಿಸಿಕೊಳ್ಳದಂತೆ ತಡೆಯಲು ಅನ್ಯಮಾರ್ಗವಿಲ್ಲದಾಗ ಮಾತ್ರ ಕೋಳ. ಅದಕ್ಕೂ ಕಾರಣವನ್ನು ಬರೆದಿಡಬೇಕು, ನ್ಯಾಯಾಧೀಶರಿಗೆ ತೋರಿಸಬೇಕು.

ಆದರೂ ನಾಲ್ಕು ದಶಕಗಳ ತರುವಾಯ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಒಬ್ಬ ಕಾನೂನು ವಿದ್ಯಾರ್ಥಿಗೆ ಕೋಳ ತೊಡಿಸಿ, ಜನರ ಕಣ್ಣೆದುರು ನಡೆಸಿಕೊಂಡು ಹೋದರು. ಅವನ ಮೇಲಿದ್ದುದು ಚೆಕ್ಕಿನ ಪ್ರಕರಣದ ವಾರಂಟು! 2022ರಲ್ಲಿ ಧಾರವಾಡ ಪೀಠದ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿದರು. ಕೇಸ್ ಡೈರಿಯಲ್ಲಿ ಕೋಳದ ಕಾರಣವೇ ಇರಲಿಲ್ಲ. ಬಂಧನದ ದೃಶ್ಯ ದಾಖಲಾಗುವಂತೆ ಪೋಲೀಸರ ಮೈಮೇಲೆ ಕ್ಯಾಮೆರಾ ಇರಬೇಕೆಂದೂ ಅವರು ಸೂಚಿಸಿದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮು ಕೊಲೆ, ಅತ್ಯಾಚಾರ, ಭಯೋತ್ಪಾದನೆ ಮೊದಲಾದ ಆರೋಪಗಳಲ್ಲಿಯೂ, ಪದೇಪದೇ ಅಪರಾಧ ಮಾಡಿದವರಿಗೂ, ಬಂಧನದಿಂದ ತಪ್ಪಿಸಿಕೊಂಡವರಿಗೂ ಕೋಳ ತೊಡಿಸಬಹುದೆನ್ನುತ್ತದೆ. ಓದುಗರು 'ಬಹುದು' ಎಂಬ ಪ್ರತ್ಯಯವನ್ನು ಗಮನಿಸಬೇಕು. ಅದು 'ಬೇಕು' ಅಲ್ಲ. ತಪ್ಪಿಸಿಕೊಂಡು ಓಡಿದ್ದು ಮನುಷ್ಯನ ನಡತೆ. ಕೊಲೆಯ ಆರೋಪ ಇನ್ನೂ ಸಿದ್ಧವಾಗದ ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಆರೋಪದ ಹೆಸರೇ ಅಪಾಯದ ಪ್ರಮಾಣವಾಗಿಬಿಡುತ್ತದೆ. ಆಗ ವೃದ್ಧನಿಗೂ ರೋಗಿಗೂ ಕೋಳ ಬೀಳುವುದು. ಚಿಕ್ಕ ಆರೋಪದ ಮರೆಯಲ್ಲಿ ನಿಜವಾದ ಅಪಾಯಕಾರಿಯು ನಿರಾಯಾಸವಾಗಿ ನಡೆದುಹೋದಾನು.

ಕಾರಣವನ್ನು ಬರೆಯಬೇಕಾದವನು ಒಂದು ಗಳಿಗೆಯಾದರೂ ಎದುರಿಗಿರುವವನ ಮುಖ ನೋಡಲೇಬೇಕಾಗುತ್ತದೆ. ಡೈರಿಯ ಆ ಒಂದು ಸಾಲು ಕೈದಿಗೂ ಕಾವಲುಗಾರನಿಗೂ ಸಮಾನವಾದ ರಕ್ಷೆ.