ಬೆಂಕಿಯೂ ಕಾಡಿನ ಕಾವಲುಗಾರನೇ

ಕಾಡನ್ನು ಕಾಯುವುದೆಂದರೆ ಬೆಂಕಿ ಬೀಳದಂತೆ ಕಾಯುವುದು ಎಂಬುದು ಬಹುಜನರ ಗ್ರಹಿಕೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಅನುಭವ ಬೇರೆಯೇ ಪಾಠವನ್ನು ಹೇಳುತ್ತದೆ.

1890ರಲ್ಲಿ ಸ್ಥಾಪಿತವಾದ ಈ ಉದ್ಯಾನದ ಸುಮಾರು ಶೇಕಡಾ 95 ಭಾಗವನ್ನು 1984ರ ಕಾಯಿದೆಯು ಸಂರಕ್ಷಿತ ವನ್ಯಪ್ರದೇಶವೆಂದು ಘೋಷಿಸಿತು. ಅಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ರಾತ್ರಿ ತಂಗಲು ಪರವಾನಗಿ ಬೇಕು. ಒಂದೊಂದು ಕಾಲುದಾರಿಗೂ ದಿನಕ್ಕೆ ಇಂತಿಷ್ಟೇ ಜನ. ಕರಡಿಗೆ ತೆರೆಯಲಾಗದ ಡಬ್ಬಿಯಲ್ಲಿ ಆಹಾರವನ್ನಿಡುವುದು ಕಡ್ಡಾಯ.

ಮನುಷ್ಯರಿಗೆ ನಿಯಮ ವಿಧಿಸಬಹುದು; ಬೆಂಕಿಗೆ? ಇಲ್ಲಿನ ಮೂಲನಿವಾಸಿಗಳಾದ ಅಹ್ವಾನೀಚಿ ಜನರು ಹುಲ್ಲುಗಾವಲುಗಳನ್ನೂ ಓಕ್ ತೋಪುಗಳನ್ನೂ ಉಳಿಸಿಕೊಳ್ಳಲು ತಾವೇ ಹದವರಿತು ಬೆಂಕಿಯಿಡುತ್ತಿದ್ದರು. ಅವರನ್ನು ಒಕ್ಕಲೆಬ್ಬಿಸಿ, ಪ್ರತಿಯೊಂದು ಬೆಂಕಿಯನ್ನೂ ನಂದಿಸತೊಡಗಿದ ಮೇಲೆ ತರಗೆಲೆ, ಕುರುಚಲು ದಟ್ಟೈಸಿ, ಕಿಡಿಯೊಂದು ಮಹಾಜ್ವಾಲೆಯಾಗುವ ಸ್ಥಿತಿ ಬಂದಿತು. 1970ರ ದಶಕದ ಆರಂಭದಿಂದ ಇಲಿಲುಎಟ್ ಕಣಿವೆಯಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿಯನ್ನು ಅನೇಕ ಬಾರಿ ಉರಿಯಗೊಟ್ಟರು. ಮರಗಳ ಒತ್ತಣೆ ತಗ್ಗಿತು, ಹುಲ್ಲುಗಾವಲು ಹೆಚ್ಚಿತು, ನೆಲದಲ್ಲಿ ತೇವ ಉಳಿಯಿತು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ತರಗೆಲೆಗೆ ಬೆಂಕಿಯಿಡುತ್ತಿದ್ದರು. 1974ರಲ್ಲಿ ಬೆಟ್ಟವು ಅಭಯಾರಣ್ಯವಾದ ಬಳಿಕ ಅದಕ್ಕೆ ನಿಷೇಧ ಬಿದ್ದಿತು. ಇಂದು ಅಲ್ಲಿ ಲಂಟಾನ ಹಬ್ಬಿ ನಿಂತಿದೆ. ಬೆಂಕಿ ನಿಂತದ್ದೂ ಅದಕ್ಕೊಂದು ಕಾರಣವೆಂಬುದು ಸೋಲಿಗರ ಮಾತು.

ಒಲೆಯ ಬೆಂಕಿಯನ್ನು ನಂದಿಸುವುದಕ್ಕಿಂತ ಹದದಲ್ಲಿಡುವುದೇ ಜಾಣ್ಮೆಯೆಂದು ನಾವು ಗೃಹಿಣಿಯರು ಬಲ್ಲೆವು. ಆದ್ದರಿಂದ ನನ್ನದೊಂದು ವಿನಂತಿ: ರಜೆಯಲ್ಲಿ ಮಕ್ಕಳೊಡನೆ ಯೊಸೆಮಿಟಿಗೆ ಹೋದಾಗ ದೂರದಲ್ಲಿ ಹೊಗೆ ಕಂಡರೆ, ಪ್ರವಾಸ ಕೆಟ್ಟಿತೆಂದು ಬೇಸರಿಸುವ ಮುನ್ನ, ಅದು ಬೇಕೆಂದೇ ಉರಿಯಗೊಟ್ಟ ಬೆಂಕಿಯೇ ಎಂದು ಅಲ್ಲಿನ ಅರಣ್ಯಪಾಲಕರನ್ನು ಕೇಳಿರಿ. ಉತ್ತರವನ್ನು ಮಕ್ಕಳಿಗೂ ಕೇಳಿಸಿರಿ.