ಎಣಿಕೆಗೆ ಸಿಗದವರು

‘ಎಣಿಸು’ ಎಂಬ ನಮ್ಮ ಮಾತಿಗೆ ಎರಡು ಅರ್ಥಗಳುಂಟು. ಕಾಸನ್ನು ಎಣಿಸುತ್ತೇವೆ, ನೆರೆಯವರನ್ನು ನಮ್ಮವರೆಂದೂ ಎಣಿಸುತ್ತೇವೆ. ಬೆಂಗಳೂರಿನ ಹಲವು ವೃತ್ತಗಳಲ್ಲಿ 2024ರಿಂದೀಚೆಗೆ ಕೃತಕ ಬುದ್ಧಿಯ ವಶಕ್ಕೆ ಒಪ್ಪಿಸಿರುವ ಸಿಗ್ನಲ್ ದೀಪಗಳನ್ನು ಕಂಡಾಗಲೆಲ್ಲ ಈ ಎರಡರ್ಥದ ಮಾತು ನನ್ನ ನೆನಪಿಗೆ ಬರುತ್ತದೆ.

ಹಳೆಯ ದೀಪಕ್ಕೆ ಬುದ್ಧಿಯಿರಲಿಲ್ಲ, ಅಭ್ಯಾಸವಿತ್ತು. ರಸ್ತೆ ಬರಿದಾಗಿರಲಿ, ಕಿಕ್ಕಿರಿದಿರಲಿ, ಗೊತ್ತುಮಾಡಿದಷ್ಟು ಸೆಕೆಂಡು ಹಸಿರು, ಬಳಿಕ ಕೆಂಪು. ಹೊಸದಕ್ಕೆ ಕಣ್ಣು ಬಂದಿದೆ. ಕ್ಯಾಮೆರಾ ಪ್ರತಿಯೊಂದು ದಿಕ್ಕಿನ ವಾಹನಗಳನ್ನೂ ಲೆಕ್ಕ ಹಾಕುತ್ತದೆ. ಸಾಲು ಬೆಳೆದ ಕಡೆ ಹಸಿರನ್ನು ಹಿಗ್ಗಿಸುತ್ತದೆ, ಕರಗಿದ ಕಡೆ ಕುಗ್ಗಿಸುತ್ತದೆ. ಯಾರೂ ಬಾರದ ಬೀದಿಗೆ ಮರ್ಯಾದೆ ತೋರಿಸಿ ಸುಮ್ಮನೆ ನಿಲ್ಲುವ ಶಿಕ್ಷೆ ಎಷ್ಟೋ ಮಟ್ಟಿಗೆ ತಪ್ಪಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಅದು ಎಣಿಸುವುದು ವಾಹನವನ್ನು. (ಎಂಜಿನಿಯರರ ರೂಢಿಯ ಲೆಕ್ಕದಲ್ಲಿ ಬಸ್ಸೊಂದು ಸುಮಾರು ಮೂರು ಕಾರಿಗೆ ಸಮ, ಒಳಗೆ ಜೋತುಬಿದ್ದಿರುವ ಅರುವತ್ತು ಮಂದಿಯನ್ನು ಕೇಳುವವರಿಲ್ಲ!) ನಡೆದು ದಾಟುವವರಿಗೆ ಸಾಮಾನ್ಯವಾಗಿ ಮೊದಲೇ ನಿಗದಿಯಾದ ಕನಿಷ್ಠ ಕಾಲವೊಂದಿರುತ್ತದೆ. ಅದನ್ನು ಗೊತ್ತುಮಾಡುವಾಗ ನಡಿಗೆಯ ವೇಗವನ್ನು ಸೆಕೆಂಡಿಗೆ 1.2 ಮೀಟರು ಎಂದು ಹಿಡಿಯುವುದು ವಾಡಿಕೆ. ಹಾಗಾದರೆ 24 ಮೀಟರು ಅಗಲದ ರಸ್ತೆಗೆ 20 ಸೆಕೆಂಡು ಸಾಕು. ನಮ್ಮ ಕಾಲೇಜಿನ ಬಳಿ ಹೂವಿನ ಬುಟ್ಟಿ ಹೊತ್ತು ದಾಟುವ ಅಜ್ಜಿಯೊಬ್ಬರಿದ್ದಾರೆ. ಅವರ ನಡಿಗೆ ಸೆಕೆಂಡಿಗೆ 80 ಸೆಂಟಿಮೀಟರನ್ನು ಮೀರಲಾರದು. ಅವರಿಗೆ ಬೇಕಾದದ್ದು 30 ಸೆಕೆಂಡು. ಮಿಕ್ಕ ಹತ್ತು ಸೆಕೆಂಡು ಅವರು ಹೊರಟುಬಿಟ್ಟ ಮೋಟಾರುಗಳ ಎದುರಿನಲ್ಲಿರುತ್ತಾರೆ. ಪೊಲೀಸಿನವನು ನಿಂತ ದಿನ ಅವರನ್ನು ಕಂಡು ಅಂಗೈ ಎತ್ತುತ್ತಾನೆ. ಬುಟ್ಟಿ ಆಚೆ ದಡ ಮುಟ್ಟುವವರೆಗೆ ಇಳಿಸುವುದಿಲ್ಲ. ಅವನೂ ಎಣಿಸುತ್ತಾನೆ, ಎರಡನೆಯ ಅರ್ಥದಲ್ಲಿ.

ಇದಕ್ಕಾಗಿ ಯಂತ್ರವನ್ನು ದೂರುವುದು ಸಲ್ಲದು. ಸಿಂಗಪುರದಲ್ಲಿ 2009ರಲ್ಲಿಯೇ, ವೃದ್ಧರು ತಮ್ಮ ಕಾರ್ಡನ್ನು ಕಂಬಕ್ಕೆ ಮುಟ್ಟಿಸಿದರೆ ದಾಟುವ ಹಸಿರು 3ರಿಂದ 13 ಸೆಕೆಂಡಿನವರೆಗೆ ಹೆಚ್ಚುವ ಏರ್ಪಾಟು ಬಂದಿತು. ಅದಕ್ಕೆ ಕೃತಕ ಬುದ್ಧಿಯೇನೂ ಬೇಕಾಗಲಿಲ್ಲ. ಮುದಿಕಾಲಿಗೂ ನಗರದಲ್ಲಿ ಪಾಲುಂಟೆಂದು ಯಾರೋ ಮೊದಲು ತೀರ್ಮಾನಿಸಿದರು, ಯಂತ್ರ ಅದನ್ನು ನಡೆಸಿಕೊಟ್ಟಿತು. ವಾಹನವನ್ನು ಗುರುತಿಸಬಲ್ಲ ಕ್ಯಾಮೆರಾ ನಡೆಯುವವರನ್ನು ಗುರುತಿಸದೆ ಇರಲಾರದು. ಹುಡುಕು ಎಂದು ಅದಕ್ಕೆ ಹೇಳಬೇಕಷ್ಟೆ. ಕಡಮೆಯಾಗಬೇಕಾದದ್ದು ಯಾರ ಕಾಯುವಿಕೆ ಎಂಬ ಪ್ರಶ್ನೆಗೆ ಉತ್ತರ ಕಂಬದ ಮೇಲಿಲ್ಲ, ಕಚೇರಿಯ ಮೇಜಿನ ಮೇಲಿದೆ.

ನಮ್ಮ ನಗರದ ಆಡಳಿತದವರಲ್ಲಿ ನನ್ನದೊಂದು ಬಿನ್ನಹ. ವೃತ್ತವೃತ್ತದಲ್ಲಿಯೂ ಒಂದು ಹಲಗೆ ತೂಗಹಾಕಲಿ: ಈ ಗಂಟೆಯಲ್ಲಿ ಮೋಟಾರಿಗೆ ಇಷ್ಟು ಸೆಕೆಂಡು, ಕಾಲ್ನಡಿಗೆಗೆ ಇಷ್ಟು.