ಹಳೆಯ ಲಾರಿಯ ಜ್ವರವೂ ಸ್ರಾವವೂ

ಇಂದಿರಾನಗರದ ಉತ್ತರದ ಅಂಚಿನಲ್ಲಿ ಹಾಯುವ ಹಳೆಯ ಮದರಾಸು ರಸ್ತೆಯು ಕೃಷ್ಣರಾಜಪುರ, ಹೊಸಕೋಟೆ, ಕೋಲಾರಗಳನ್ನು ದಾಟಿ ಪೂರ್ವದೇಶಕ್ಕೆ ಹೋಗುವುದು. ಈ ದಾರಿಯಲ್ಲಿ ಒಂದೇ ಲಾರಿಯನ್ನು ನಂಬಿ ಬಾಳ್ವೆ ನಡೆಯಿಸುವ ಕುಟುಂಬಗಳು ಹಲವುಂಟು. ಅಂಥ ಮನೆಯಲ್ಲಿ ಲಾರಿಯು ಕರೆಯುವ ಹಸುವಿದ್ದಂತೆ. ಅದು ಮಲಗಿದರೆ ಒಲೆಯೂ ತಣ್ಣಗಾಗುವುದು. ಆದಕಾರಣ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾದ ಎರಡು ಉಪದ್ರವಗಳನ್ನು, ಎಂದರೆ ಸೋರುವಿಕೆಯನ್ನೂ ಎಂಜಿನ್ನಿನ ಅತ್ಯುಷ್ಣವನ್ನೂ, ಗೃಹಸ್ಥರು ಮನೆಯಲ್ಲಿಯೇ ಹೇಗೆ ಪರೀಕ್ಷಿಸಬಹುದೆಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ವೈದ್ಯನು ಮೊದಲು ನಿದಾನವನ್ನು ಮಾಡಿ ಬಳಿಕ ಔಷಧವನ್ನು ಕೊಡುವನಷ್ಟೆ. ಇಲ್ಲಿಯೂ ಕ್ರಮವು ಅದೇ. ರಾತ್ರಿ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಅಡಿಯಲ್ಲಿ ಒಂದು ದೊಡ್ಡ ರಟ್ಟನ್ನು ಹಾಸತಕ್ಕದ್ದು. ಬೆಳಿಗ್ಗೆ ಅದರ ಮೇಲಿನ ಕಲೆಯೇ ರೋಗವನ್ನು ಹೇಳುವುದು. ಕಪ್ಪಗೆ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್. ಹಸುರು ಅಥವಾ ಕೆಂಪು ಬಣ್ಣವಿದ್ದು ಸಿಹಿವಾಸನೆ ಬಂದರೆ ಕೂಲೆಂಟ್. ಚಕ್ರದ ಬಳಿಯಲ್ಲಿ ತೆಳುವಾದ ತಿಳಿಹಳದಿಯ ದ್ರವವಿದ್ದರೆ ಬ್ರೇಕ್ ಆಯಿಲ್ ಎಂದು ಸಂದೇಹಪಡಬೇಕು. ಟಾಟಾ 407 ಮೊದಲಾದ ಗಾಡಿಗಳಲ್ಲಿ ಬ್ರೇಕು ಈ ದ್ರವದ ಬಲದಿಂದಲೇ ಹಿಡಿಯುವುದು. ಈ ಸ್ರಾವವೊಂದು ಕಂಡರೆ, ಬಾಡಿಗೆ ಎಷ್ಟೇ ಬರಲಿ, ಗಾಡಿಯನ್ನು ಬೀದಿಗೆ ಇಳಿಸಲಾಗದು. ಮೇಸ್ತ್ರಿಯನ್ನೇ ಮನೆಗೆ ಕರೆಯಿಸುವುದು ಲೇಸು.

ಇನ್ನು ಜ್ವರದ ವಿಚಾರ. ಜ್ವರವು ಸ್ವತಃ ರೋಗವಲ್ಲ, ಲಕ್ಷಣ. ಎಂಜಿನ್ನು ಕಾಯಲು ಕಾರಣಗಳು ಹಲವು. ನೀರು ಕಡಮೆಯಾಗಿರಬಹುದು, ಹೋಸ್ ಪೈಪು ಬಿರಿದಿರಬಹುದು ಅಥವಾ ಅದರ ಕ್ಲಿಪ್ಪು ಸಡಿಲಿರಬಹುದು, ಫ್ಯಾನ್ ಬೆಲ್ಟು ಜೋತಿರಬಹುದು, ವಾಟರ್ ಪಂಪಿನ ಸೀಲು ಸವೆದಿರಬಹುದು, ರೇಡಿಯೇಟರಿನ ಜಾಲದಲ್ಲಿ ಕೆಸರೂ ಹುಳುಹುಪ್ಪಟೆಯೂ ತುಂಬಿ ಗಾಳಿ ಹಾಯದಿರಬಹುದು. ಇವುಗಳಲ್ಲಿ ಪೈಪನ್ನು ಬದಲಿಸುವುದು, ಬೆಲ್ಟನ್ನು ಬಿಗಿಯುವುದು, ಜಾಲವನ್ನು ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆಯುವುದು, ಇವು ಎಂಜಿನ್ನು ನಿಂತು ತಣಿದಿರುವಾಗ ಮನೆಯಲ್ಲಿ ಆಗುವ ಕೆಲಸಗಳು. ಆಯಿಲ್ಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಥವಾ ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು ಹೋಗಿರುವ ಸಂಭವವುಂಟು. ಅದು ಕಾರ್ಖಾನೆಯ ಕೆಲಸ.

ಸರ್ವಕ್ಕೂ ಮಿಗಿಲಾದ ಎಚ್ಚರಿಕೆಯೊಂದುಂಟು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದು. ರೇಡಿಯೇಟರಿನ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಟ್ಟು, ನೀರು 100 ಡಿಗ್ರಿಯನ್ನು ಮೀರಿದರೂ ಕುದಿಯದಂತೆ ತಡೆಯುತ್ತದೆ. ಕಾದಿರುವಾಗ ಮುಚ್ಚಳವನ್ನು ತೆಗೆದರೆ ಆ ಒತ್ತಡವು ಒಮ್ಮೆಗೇ ಇಳಿದು, ನೀರು ತತ್‌ಕ್ಷಣ ಆವಿಯಾಗಿ ಮುಖಕ್ಕೆ ಚಿಮ್ಮುವುದು. ಕಣ್ಣೇ ಹೋಗಬಹುದು. ಮೇಲಿನ ಪೈಪು ಕೈಗೆ ತಣ್ಣಗೆ ತಾಗುವವರೆಗೆ ಕಾದಿದ್ದು, ದಪ್ಪ ಬಟ್ಟೆಯನ್ನು ಹೊದಿಸಿ, ಮುಖವನ್ನು ದೂರವಿಟ್ಟು ಮೆಲ್ಲನೆ ತಿರುಗಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರನ್ನು ಸುರಿಯುವುದೂ ಸಲ್ಲದು; ಲೋಹವು ಬಿರಿಯುವುದು.

ಸ್ನಾನದ ಹಂಡೆಯ ತಳದಲ್ಲಿ ಬಿಳಿಯ ಕಿಟ್ಟ ಕಟ್ಟುವುದನ್ನು ಗೃಹಿಣಿಯರು ಬಲ್ಲರು. ಕೊಳವೆಬಾವಿಯ ಗಡಸುನೀರು ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಅದನ್ನೇ ಮಾಡುವುದು. ಕಿಟ್ಟವು ಶಾಖವನ್ನು ಹೊರಕ್ಕೆ ಬಿಡದು. ಆದುದರಿಂದ ಬಟ್ಟಿಯಿಳಿಸಿದ ನೀರಿಗೆ ಸಮಪಾಲು ಕೂಲೆಂಟನ್ನು ಬೆರೆಸಿ ತುಂಬುವುದು ಉತ್ತಮ. ತೂತಿಗೆ ಅರಿಶಿನದ ಪುಡಿ ಹಾಕುವ ಚಾಲಕರ ಉಪಾಯವು ಹತ್ತಿರದ ಷೆಡ್ಡನ್ನು ಮುಟ್ಟಿಸೀತು. ಆದರೆ ಅದನ್ನೇ ಚಿಕಿತ್ಸೆಯೆಂದು ನೆಚ್ಚಿದರೆ ಒಳ್ಳೆಯ ನಾಳಗಳೂ ಕಟ್ಟಿಹೋಗುವುವು. ಮೊಗಿಲಿಯ ಘಾಟಿಯನ್ನು ಹೊರೆಯೊಡನೆ ಹತ್ತುವಾಗ ಅದರ ಫಲ ಕಾಣುವುದು.

ಕಡೆಯದಾಗಿ, ತೆಗೆದ ದ್ರವವನ್ನು ಕುರಿತು ಒಂದು ಮಾತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಸ್ವಲ್ಪ ಕುಡಿದರೂ ಮೂತ್ರಪಿಂಡಗಳು ಕೆಡುವುವು. ಅಂಗಳದಲ್ಲಿ ಮಕ್ಕಳೂ ನಾಯಿಬೆಕ್ಕುಗಳೂ ಇರುವುದರಿಂದ ಅದನ್ನು ತೆರೆದ ಬಟ್ಟಲಿನಲ್ಲಿ ಬಿಡಕೂಡದು, ಕುಡಿಯುವ ನೀರಿನ ಶೀಷೆಯಲ್ಲಿ ತುಂಬಿಡಲೂ ಕೂಡದು. ಬೀದಿಯ ಚರಂಡಿಗೆ ಸುರಿದರೆ ಅದು ಕೆರೆಗಳನ್ನು ಸೇರುವುದು. ಬೆಳ್ಳಂದೂರು ಕೆರೆಯ ಮೇಲೆ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಎದ್ದುದನ್ನು ನಮ್ಮ ನಗರವು ಕಂಡಿದೆ. ಹಳೆಯ ಆಯಿಲ್ಲನ್ನೂ ಕೂಲೆಂಟನ್ನೂ ಬೇರೆ ಬೇರೆ ಡಬ್ಬಗಳಲ್ಲಿ ಮುಚ್ಚಿ, ಹೆಸರು ಬರೆದು, ಅವನ್ನು ತೆಗೆದುಕೊಳ್ಳುವ ಕಾರ್ಖಾನೆಗೆ ಒಪ್ಪಿಸತಕ್ಕದ್ದು. ಗಾಡಿಯಿಂದ ಅನ್ನವನ್ನುಣ್ಣುವವರು ಅದರ ಕೊಳೆಯನ್ನು ನೆರೆಯವರ ಪಾಲಿಗೆ ಬಿಡಬಾರದೆಂಬುದು ನಮ್ಮ ಅಭಿಪ್ರಾಯ.